ತಾಲೀಮಿನ ಫೋಲ್ಡರು

ಅತುಲನಂಥ ಶಾಣ್ಯಾ ಮನುಷ್ಯರಿಗೆ ಒಂದು ರೋಗವಿರುತ್ತದೆ. ಕೈಯಿಂದ ಮಾಡಿದರೆ ಚಿಟಿಕೆಯಲ್ಲಿ ಮುಗಿಯುವ ಕೆಲಸವನ್ನು ತಾನಾಗಿಯೇ ಆಗುವಂತೆ ಮಾಡುವವರೆಗೆ ಅವರಿಗೆ ಸಮಾಧಾನವಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ಅವನು ತನ್ನ ಚಿಕ್ಕಮ್ಮ ತಾರಾಬಾಯಿ ಕಾಕುವಿನ ಜೊತೆಗಿದ್ದ. ಅವರ ಗಂಡ, ತೀರಿಹೋದ ಏಕನಾಥ ಕಾಕಾ, ಹೆಸರಾಂತ ಗವಾಯಿಯೇನಲ್ಲ, ಆದರೆ ಹಾಡು ಕಲಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಶಿಷ್ಯರಿಗೆ ಕೊಟ್ಟ ತಾಲೀಮನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಾಗ ಅತುಲ ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿ, ಸವೆದ ಟೇಪುಗಳನ್ನು ಎಸೆದುಬಿಟ್ಟ. ಅಂದಿನಿಂದ ಕಾಕು ಬೆಳಗಿನ ಚಹಾದ ಜೊತೆ ಒಂದೊಂದು ತಾಲೀಮು ಕೇಳುತ್ತಿದ್ದರು. ಗಂಡ ಶಿಷ್ಯನನ್ನು ಬೈಯುವಲ್ಲಿ ನಗುತ್ತಿದ್ದರು. ಬಂದೀಶು ಹಾಡುವಾಗ ನಡುವೆ ಅವರು ಕೆಮ್ಮಿದರೆ "ನೀರು ಕುಡೀರಿ" ಎನ್ನುತ್ತಿದ್ದರು.

ಟೇಪಿನ ಗರಗರ ಸದ್ದು ತೆಗೆಯುವ ಕೆಲಸವನ್ನು ಅತುಲ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೂ ಹಾಕಿಕೊಂಡು, ಹುಬ್ಬಳ್ಳಿಯ ಆಫೀಸಿನಲ್ಲಿ ಬಿಡುವಾದಾಗ ಮಾಡುತ್ತಿದ್ದ. ಸರಿಪಡಿಸಿದ್ದನ್ನು ದಿನಾ ಮನೆಯ ಕಂಪ್ಯೂಟರಿಗೆ ಹಾಕುವುದು ಬೇಸರ. ಲ್ಯಾಪ್‌ಟಾಪು ಯಾವ ನೆಟ್‌ವರ್ಕಿಗೆ ಸೇರುತ್ತದೋ ಅಲ್ಲಿ ಅದಕ್ಕೊಂದು ವಿಳಾಸ ಸಿಗುತ್ತದೆ, ಆಫೀಸಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು. ಹಾಗೆ ವಿಳಾಸ ಬದಲಾದ ಕೂಡಲೇ ತಾನಾಗಿ ಓಡುವಂತೆ ಅವನೊಂದು ಪುಟ್ಟ ಪ್ರೋಗ್ರಾಮು, ಸ್ಕ್ರಿಪ್ಟ್, ಬರೆದ. ಮನೆಯ ವಿಳಾಸ ಸಿಕ್ಕರೆ ಸಾಕು, ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಏನಿದೆಯೋ ಮನೆಯ ಕಂಪ್ಯೂಟರಿನಲ್ಲೂ ಅಷ್ಟೇ ಇರಬೇಕು. ಹೊಸದು ಬರಬೇಕು, ಇಲ್ಲಿಲ್ಲದ್ದು ಅಲ್ಲಿಂದಲೂ ಅಳಿಸಿಹೋಗಬೇಕು. ಇಲ್ಲಿನ ಫೋಲ್ಡರೇ ಖಾಲಿಯಾಗಿದ್ದರೆ ಸುಮ್ಮನಿರು ಎಂದು ಒಂದು ಸಾಲು ಸೇರಿಸಬೇಕೆಂದು ಆಗಲೇ ಹೊಳೆದಿತ್ತು. ಮುಂದೆ ನೋಡೋಣ ಎಂದುಕೊಂಡ.

ಮುಂದೆ ಆದದ್ದಿಷ್ಟು. ಗೆಳೆಯ ಪ್ರಸಾದನ ಮದುವೆಯ ವಿಡಿಯೋಗೆ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲಲಿಲ್ಲ. ತಾಲೀಮು ಹೇಗೂ ಮನೆಯಲ್ಲಿದೆಯಲ್ಲ ಎಂದು ಇವನು ಆ ಫೋಲ್ಡರನ್ನು ಖಾಲಿ ಮಾಡಿ ಮದುವೆ ತುಂಬಿಕೊಂಡ. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪು ತೆರೆದಿಟ್ಟು, ಕಾಕು ಕೊಟ್ಟ ಚೂಡಾ ತಿನ್ನುತ್ತ ಕುಳಿತ. ವಿಳಾಸ ಬದಲಾಯಿತು. ಸ್ಕ್ರಿಪ್ಟ್ ಎದ್ದಿತು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು: ಮನೆಯ ಫೋಲ್ಡರೂ ಖಾಲಿ.

ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶಗಳನ್ನೆಲ್ಲ ಹಾಕಿ ನೋಡಿದ. ಒಂದು ತಾಲೀಮೂ ಮರಳಲಿಲ್ಲ. ಬೆಳಿಗ್ಗೆ ಕಾಕು ಚಹಾ ಹಿಡಿದು ಬಂದಾಗ "ಸ್ಪೀಕರ್ ಕೆಟ್ಟದ, ಕಾಕು" ಎಂದ. ಮರುದಿನವೂ ಅದನ್ನೇ ಹೇಳಿದ. ಕಾಕು "ಲಗೂ ಮಾಡಿಸಪಾ, ಮನಿ ಬಿಕೋ ಅನ್ನಲಿಕ್ಕತ್ತದ" ಎಂದಾಗ ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ತಾನೆಂಥ ನೀಚ ಎಂದು ಅವನಿಗೆ ಅನ್ನಿಸಿತು, ಸರಿಯಾಗಿಯೇ ಅನ್ನಿಸಿತು.

ಆಗ ನೆನಪಾದವಳು ನಾಹಿದಾ. ಹುಬ್ಬಳ್ಳಿಯ ಕೇಶ್ವಾಪುರದಿಂದ ಕಾಕುವಿನ ಹತ್ತಿರ ಹಾಡು ಕಲಿಯಲು ಬರುತ್ತಿದ್ದ ಹುಡುಗಿ. ತಾಲೀಮು ಹೊರಗಿನವರ ಕೈಗೆ ಹೋಗಬಾರದೆಂಬುದು ಕಾಕಾ ಅವರ ಕಟ್ಟಳೆ. ರಿಯಾಜ್ ಮಾಡಲು ಬೇಕೆಂದು ಅವಳು ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದನ್ನು ಕಂಡುಹಿಡಿದವನು ಅತುಲ, ಕಾಕುವಿಗೆ ಹೇಳಿದವನೂ ಅವನೇ. ಎದುರಿಗೇ ನಿಂತು ಅವಳಿಂದ ಅಳಿಸಿಹಾಕಿಸಿದ್ದ. ಕಾಕು ಅವಳಿಗೆ ಇನ್ನು ಬರಬೇಡವೆಂದಿದ್ದರು.

ಹುಬ್ಬಳ್ಳಿಯ ಬಸ್ಸಿನಲ್ಲಿ ಅತುಲ ದಾರಿಯುದ್ದಕ್ಕೂ ಒಂದೇ ಬೇಡಿಕೊಂಡ: ದೇವರೇ, ಆ ಹುಡುಗಿ ಮೋಸಗಾತಿಯಾಗಿರಲಿ. ಎಲ್ಲೋ ಒಂದು ಕಡೆ ಬಚ್ಚಿಟ್ಟಿರಲಿ.

ನಾಹಿದಾ ತಾಯಿ ಮೀರಾಬಿಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಇವನನ್ನು ಕಂಡು ಎದ್ದು ನಿಂತು, ಮೊದಲು ಕಾಕುವನ್ನೇ ವಿಚಾರಿಸಿದಳು.

"ಬಾಯಾರು ಆರಾಮ ಅದಾರಿಲ್ರಿ?"

"ಆರಾಮ ಇದ್ದಾರ." ಅವನು ತಲೆ ತಗ್ಗಿಸಿಯೇ ನಡೆದದ್ದನ್ನೆಲ್ಲ ಹೇಳಿದ. "ಖರೇ ಹೇಳ್ರಿ, ಮತ್ತೆಲ್ಲರೆ ಇಟ್ಟಿದ್ರೇನು? ನಾ ಸಿಟ್ಟಾಗೂದಿಲ್ಲ."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಇತ್ತ್ರಿ. ನಮ್ಮಣ್ಣ ಅಜೀಮನ ಕಂಪ್ಯೂಟರಿನ್ಯಾಗ ಎಲ್ಲಾ ಇತ್ತು. ನಿಮಗ ಅದು ಗೊತ್ತಿದ್ದಿಲ್ಲ."

ಅತುಲನಿಗೆ ಜೀವ ಬಂದಂತಾಯಿತು. "ಎಲ್ಲಿ ಅದ? ಈಗ ಹೋಗೋಣು ನಡೀರಿ."

"ಬಾಯಾರು ಕಣ್ಣಾಗ ನೀರು ತಂದು ಇಟ್ಕೋಬ್ಯಾಡ ಅಂದಿದ್ರಲ್ರಿ. ಮನಿಗೆ ಬಂದ ಕೂಡ್ಲೆ ಅದನ್ನೂ ಅಳಿಸಿದೆ. ಗುರುಗಳ ಮಾತಲ್ರಿ?" ಅಷ್ಟು ಹೇಳಿ ಅವಳು ಅತ್ತಳು. ಮೀರಾಬಿ ಬಂದು ಮಗಳ ಹೆಗಲ ಮೇಲೆ ಕೈಯಿಟ್ಟಳು.

ಮನೆಗೆ ಬಂದು ಅವನು ಕಾಕುವಿನ ಎದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಸ್ಕ್ರಿಪ್ಟ್ ಎಂದರೇನೆಂದು ಅವರು ಕೇಳಲಿಲ್ಲ. ಹೋಯಿತು ಎಂದರೆ ಪೂರ್ತಿ ಹೋಯಿತೇ ಎಂದು ಮಾತ್ರ ಕೇಳಿದರು. ಪೂರ್ತಿ ಎಂದ. ಕೊನೆಗೆ ನಾಹಿದಾ ಅಳಿಸಿದ ಸಂಗತಿಯನ್ನೂ ಹೇಳಿದ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಕಾಕುವಿನ ಮುಖ ಆಗ ಒಡೆಯಿತು.

"ಅಕಿ ಕಡೆ ಇತ್ತು," ಎಂದರು. "ನಾ ಬ್ಯಾಡ ಅಂದೆ ಅಂತ ಅಳಿಸಿದ್ಲು."

"ನಂದ ತಪ್ಪು, ಕಾಕು. ನಾನ ಚಾಡಿ ಹೇಳಿದ್ದು. ಬೈರಿ ನನಗ. ಒಂದು ಮಾತರೆ ಬೈರಿ."

ಕಾಕು ಕಂಪ್ಯೂಟರಿನ ಸ್ಪೀಕರುಗಳತ್ತ ನೋಡಿದರು.

"ನೀ ಮರ್ತು ಅಳಿಸಿದಿ. ನಾ ತಿಳಿದು ಅಳಿಸಿದೆ," ಎಂದರು. "ನಾ ಬೈದ್ರ ನಿನಗ ಹಗುರ ಆಗ್ತದ, ಅತುಲ. ನನಗ ಯಾರು ಬೈಬೇಕು?"

ಕಾಕು ಗೋಡೆ ಹಿಡಿದು ಎದ್ದು, ಕೇಶ್ವಾಪುರಕ್ಕೆ, ನಾಹಿದಾಳ ಮನೆಗೆ ಹೋಗಲು ಚಪ್ಪಲಿ ಹುಡುಕತೊಡಗಿದರು.