ಅಲ್ಲಾಡಿಸದ ಟ್ಯೂಬು

ಪ್ರಯೋಗಾಲಯದ ಮುಖ್ಯಸ್ಥರಿಗೆ ಬೆನ್ನ ಹಿಂದೆ ‘ತುತ್ತೂರಿ’ ಎಂದು ಹೆಸರು. ಇಟ್ಟವಳು ಅವರ ಕೈಕೆಳಗೆ ಹೃದಯದ ಕೋಶಗಳನ್ನು ಅಳೆಯುವ ಸಂಶೋಧಕಿ. ಊದಲು ಬೇರೆ ಯಾರೂ ಸಿಗದೆ ತಮ್ಮದನ್ನು ತಾವೇ ಊದಿಕೊಳ್ಳುವ ಮನುಷ್ಯ.

ಇವತ್ತು ಅವರು ಊದುತ್ತಿದ್ದುದು ಅವಳ ಅಪ್ಪನ ಎದುರು.

“ಒತ್ತಡ ಜಾಸ್ತಿ ಆದ್ರೆ ಹೃದಯದ ಕೋಶದೊಳಗೆ ಒಂದು ಕಿಣ್ವ ಎದ್ದು, ಬೆಳಿ ಅಂತ ಸುದ್ದಿ ಮುಟ್ಟಿಸುತ್ತೆ ಯಜಮಾನ್ರೇ. ಕೋಶ ಉಬ್ಬುತ್ತೆ, ಹೃದಯದ ಗೋಡೆ ದಪ್ಪ ಆಗುತ್ತೆ. ನಮ್ಮ ಔಷಧಿ ಆ ಕಿಣ್ವದ ಬಾಯಿ ಕಟ್ಟುತ್ತೆ.”

ಪರದೆಯ ಮೇಲೆ ಎರಡು ಚಿತ್ರ: ಔಷಧಿ ಹಾಕದ ತಟ್ಟೆಯಲ್ಲಿ ಊದಿದ ಕೋಶಗಳು, ಹಾಕಿದ್ದರಲ್ಲಿ ಸಣ್ಣವು. ಅಪ್ಪ ತಲೆದೂಗಿದರು. ಹೃದಯದ ಗೋಡೆ ದಪ್ಪಗಾಗಿ, ಮೆಟ್ಟಿಲ ನಡುವೆ ಕೂತು ಸುಧಾರಿಸಿಕೊಂಡು ಬಂದವರು. ಮುಂದಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಆ ಔಷಧಿ ನುಂಗುವ ಮೊದಲ ರೋಗಿ ಅವರೇ.

ಆ ಸಣ್ಣ ಕೋಶಗಳ ಗುಟ್ಟು ಮಗಳಿಗೆ ಗೊತ್ತಿತ್ತು. ತಟ್ಟೆಗಳಿಗೆ ಕೋಶ ಸುರಿಯುವವನು ತುತ್ತೂರಿಯ ಅಳಿಯ, ಮಾವನ ನೆರಳಲ್ಲಿ ಕೊಬ್ಬಿದ ಸೋಮಾರಿ. ಕೋಶ ತುಂಬಿದ ಟ್ಯೂಬನ್ನು ಆಗಾಗ ಅಲ್ಲಾಡಿಸದಿದ್ದರೆ ಕೋಶಗಳು ತಳಕ್ಕಿಳಿಯುತ್ತವೆ. ಮೇಲಿನಿಂದ ತೆಗೆಯುತ್ತಾ ಹೋದರೆ ಮೊದಲ ತಟ್ಟೆಗಳಿಗೆ ತೆಳು ನೀರು, ಕೊನೆಯವಕ್ಕೆ ಗಟ್ಟಿ ಚರಟ. ಔಷಧಿಯ ತಟ್ಟೆಗಳು ಯಾವಾಗಲೂ ಕೊನೆಯವು. ಅಲ್ಲಿ ಕಾಲು ಚಾಚಲು ಜಾಗವಿಲ್ಲದೆ ಕೋಶಗಳು ಮುದುಡಿದ್ದವು, ಅಷ್ಟೇ. ಅವಳು ಟ್ಯೂಬು ಅಲ್ಲಾಡಿಸಿ ಅದೇ ಪ್ರಯೋಗ ಮತ್ತೆ ಮಾಡಿದಾಗ ಎರಡೂ ಕಡೆ ಒಂದೇ ಸಮ ಉಬ್ಬಿದವು. ಬೆಳಿಗ್ಗೆಯೇ ತುತ್ತೂರಿಗೆ ಹೇಳಿದ್ದಳು. “ಅಂಗಡಿ ತೆರೆಯೋ ಹೊತ್ತಲ್ಲಿ ಅಪಶಕುನ ಆಡಬೇಡಮ್ಮ” ಎಂದಿದ್ದರು.

ಈಗ ಎದ್ದು ನಿಂತಳು. “ಸರ್, ನಿಮ್ಮ ಅಣ್ಣನಿಗೂ ಇದೇ ಕಾಯಿಲೆ ಅಲ್ವಾ? ಮೊದಲು ಅವರಿಗೆ ಕೊಡಬಹುದಲ್ಲ?”

“ಅವನಿಗ್ಯಾಕೆ?” ತುತ್ತೂರಿ ಥಟ್ಟನೆ ಅಂದರು. “ಅವನು ಒಳ್ಳೇ ಡಾಕ್ಟ್ರಿಗೇ ತೋರಿಸ್ತಿದಾನೆ.”

ಮೂಲೆಯಲ್ಲಿ ನಿಂತಿದ್ದ ಅಳಿಯ ಕೆಮ್ಮಿದ. ತುತ್ತೂರಿ ಚಿತ್ರದ ಕಡೆ ತಿರುಗಿಕೊಂಡರು, ಅದಾದರೂ ತಮ್ಮ ಪರ ನಿಂತೀತು ಎಂಬಂತೆ.

ಅಪ್ಪ ಸಹಿ ಹಾಕದೆ ಪೆನ್ನಿಗೆ ಮುಚ್ಚಳ ಹಾಕಿದರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಬ್ರೇಕ್ ನೋಡದೆ ಗಾಡಿ ತೆಗೆದವರಲ್ಲ.

“ನಾನೂ ಒಳ್ಳೇ ಡಾಕ್ಟ್ರಿಗೇ ತೋರಿಸ್ಕೊಳ್ತೀನಿ ಸ್ವಾಮಿ. ನಡಿ ಮಗಳೇ.”

“ನಾಳೆಯಿಂದ ಬರೋದು ಬೇಡ” ಎಂದರು ತುತ್ತೂರಿ, ಅವಳ ಮುಖ ನೋಡದೆ.

“ಇವತ್ತಿಂದಾನೇ ಬರಲ್ಲ ಸರ್.”

ಇಳಿಯುವಾಗಲೂ ಅಪ್ಪ ಮೆಟ್ಟಿಲ ನಡುವೆ ಕೂತರು. ಅವಳೂ ಪಕ್ಕದಲ್ಲಿ ಕೂತಳು.

“ನಿನ್ನ ಕೆಲಸ ಹೋಯ್ತಲ್ಲೇ.”

“ಕೆಲಸ ಇನ್ನೊಂದು ಸಿಗುತ್ತಪ್ಪ. ಮೊದ್ಲು ಉಸಿರು ತಗೊಳ್ಳಿ.”

ಮೇಲಿನ ಕೋಣೆಯಲ್ಲಿ ತುತ್ತೂರಿ ಮತ್ತೆ ಶುರುವಾಗಿತ್ತು. ಕೇಳಲು ಅಳಿಯನೊಬ್ಬನೇ ಉಳಿದಿದ್ದ.