ಹತ್ತಕ್ಕೆ ಎಷ್ಟು

"ಎಂಟು," ಎಂದಳು ಹುಡುಗಿ, ಯಾವ ಅಳುಕೂ ಇಲ್ಲದೆ.

ಟೀವಿಯ ಸದ್ದು ಆಗಷ್ಟೇ ಅಡಗಿತ್ತು. ಸಿನಿಮಾಕ್ಕೆ ದುಡಿದವರ ಹೆಸರುಗಳು ಪರದೆಯ ಮೇಲೆ ಇನ್ನೂ ಸುಮ್ಮನೆ ಮೇಲಕ್ಕೆ ಹೋಗುತ್ತಿದ್ದವು. ಮಗ ಬಿಸ್ಕತ್ತನ್ನು ಚಹಾಕ್ಕೆ ಅದ್ದಿದವನು ಎತ್ತುವುದನ್ನು ಮರೆತ. ಅದು ಮುರಿದು ಲೋಟದ ತಳ ಸೇರಿತು. ತಾಯಿ ಮಾತ್ರ ಹುಡುಗಿಯನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಅವಳ ಕಣ್ಣು ಇರಬೇಕಾದ ಕಡೆಯೇ ಇತ್ತು.

ಈ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಇದೇನು ಲೆಕ್ಕಾಚಾರ ಎನ್ನಿಸಬಹುದು. ಮನೆಯ ಯಜಮಾನರು ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಉತ್ತರಪತ್ರಿಕೆ ತಿದ್ದುವುದರಲ್ಲಿ ಎತ್ತಿದ ಕೈ. ಶಾಲೆ ಬಿಟ್ಟರೂ ತಿದ್ದುವ ಚಟ ಬಿಡಲಿಲ್ಲ. ಧಾರಾವಾಹಿಯಾಗಲಿ ಸಿನಿಮಾವಾಗಲಿ, ಮುಗಿದ ತಕ್ಷಣ ಟೀವಿಯ ಬಾಯಿ ಮುಚ್ಚಿಸಿ, "ಹ್ಞಾಂ, ಹತ್ತಕ್ಕೆ ಎಷ್ಟು?" ಎನ್ನುವರು. ಚಿಕ್ಕವರಿಂದ ಶುರುವಾಗಿ ಒಬ್ಬೊಬ್ಬರೇ ಅಂಕ ಹೇಳಬೇಕು. ಮೇಷ್ಟ್ರದು ಕೊನೆ, ಮತ್ತು ಅದೇ ಸರಿಯುತ್ತರ. ಅದಕ್ಕಿಂತ ಒಂದು ಹೆಚ್ಚೋ ಕಡಿಮೆಯೋ ಆದರೆ, "ಇರ್ಲಿ, ಭಿನ್ನಾಭಿಪ್ರಾಯ ಒಳ್ಳೇದೇ," ಎಂದು ದೊಡ್ಡ ಮನಸ್ಸು ಮಾಡುವರು. ಎರಡಾದರೆ ಗಮನವಿಟ್ಟು ನೋಡಿಲ್ಲ ಎಂದು ಅರ್ಥ. ಅದನ್ನೂ ಮೀರಿದರೆ, "ಕಾರಣ?" ಎಂದು ಕೇಳುವರು.

ಆ ಒಂದು ಮಾತಿಗೆ ಹೆದರದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ತುಂಬ ತಾಳ್ಮೆಯ ಮನುಷ್ಯ ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಆ ತಾಳ್ಮೆಯಿಂದಲೇ ಅವರು ವಿವರಿಸುವರು. ಊಟಕ್ಕೆ ಕೂತಾಗ ವಿವರಿಸುವರು, ಬಟ್ಟೆ ಒಣಹಾಕುವಾಗ ಪಕ್ಕದಲ್ಲಿ ನಿಂತು ವಿವರಿಸುವರು, ಬಚ್ಚಲ ಬಾಗಿಲಿನಾಚೆಯಿಂದಲೂ ವಿವರಿಸುವರು. ಎದುರಿನವರು ಸೋತು, "ಹೌದು, ನಾನು ಸರಿಯಾಗಿ ನೋಡ್ಲಿಲ್ಲ," ಎನ್ನುವತನಕ ಅದು ಮುಗಿಯುತ್ತಿರಲಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ತನ್ನ ಮನೆಗೆ ಟೀವಿಯನ್ನೇ ತರಲಿಲ್ಲ. ಕೇಳಿದವರಿಗೆ, ನಮ್ಮನೆ ಗೋಡೆ ಚಿಕ್ಕದು ಎನ್ನುತ್ತಾಳೆ.

ಇವತ್ತು ಎಂಟು ಕೊಟ್ಟ ಹುಡುಗಿ ಮಗ ಮೆಚ್ಚಿದವಳು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು; ಕಾಲು ಮುರಿದುಕೊಂಡವರನ್ನು ಮತ್ತೆ ನಡೆಸುವುದು ಅವಳ ಕೆಲಸ. ಮದುವೆಗೆ ಎರಡೂ ಮನೆಯವರು ಒಪ್ಪಿದ್ದರು, ದಿನ ಗೊತ್ತಾಗುವುದೊಂದು ಬಾಕಿ. ಮದುವೆಯಾದ ಮೇಲೆ ಇದೇ ಮನೆಯ ಮಹಡಿ ಕೋಣೆಯಲ್ಲಿ ಸಂಸಾರ ಎಂದು ಮೇಷ್ಟ್ರೇ ತೀರ್ಮಾನಿಸಿದ್ದರು. ಅವಳಿಗೆ ಡಾಕ್ಟ್ರಮ್ಮ ಎಂದು ಹೆಸರಿಟ್ಟವರೂ ಅವರೇ.

ಸಿನಿಮಾದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಬಸ್ಸು ಓಡಿಸಲು ಕಲಿಯುತ್ತಾಳೆ. ಕೊನೆಗೆ ಅವಳ ಬಸ್ಸು ಅವಳ ಮನೆಯ ಮುಂದಿನಿಂದಲೇ ಹಾದುಹೋಗುತ್ತದೆ. ಗಂಡ ಬಾಗಿಲಲ್ಲಿ ನಿಂತಿರುತ್ತಾನೆ. ಅವಳು ನಿಲ್ಲಿಸುವುದಿಲ್ಲ.

"ನಾಲ್ಕು... ನಾಲ್ಕೂವರೆ," ಎಂದ ಮಗ.

"ಅರ್ಧ ಗಿರ್ಧ ಇಲ್ಲಪ್ಪ."

"ನಾಲ್ಕು."

"ನಾಲ್ಕು," ಎಂದಳು ತಾಯಿಯೂ.

"ಮೂರು," ಎಂದರು ಮೇಷ್ಟ್ರು. ಆಮೇಲೆ ಹುಡುಗಿಯ ಕಡೆ ತಿರುಗಿ, ಬಹಳ ಪ್ರೀತಿಯಿಂದ, "ಕಾರಣ ಏನು ಡಾಕ್ಟ್ರಮ್ಮ?" ಎಂದರು.

"ಕಾರಣ ಏನ್ ಅಂಕಲ್, ಇಷ್ಟ ಆಯ್ತು! ಅವಳು ಬಸ್ ನಿಲ್ಸಲ್ಲ ನೋಡಿ, ಅಲ್ಲಂತೂ ನಾನು ಚಪ್ಪಾಳೆ ಹೊಡೆಯೋದೊಂದು ಬಾಕಿ."

"ಸ್ಟಾಪ್ ಇಲ್ದಿರೋ ಕಡೆ ನಿಲ್ಸೋ ಹಾಗಿಲ್ಲ, ಒಪ್ಕೊಂಡೆ. ಆದ್ರೆ ಕಟ್ಕೊಂಡ ಗಂಡನ ಕಡೆ ಒಂದ್ಸಲ ತಿರುಗಿ ನೋಡೋಕೂ ಆಗ್ಲಿಲ್ವಾ ಅವಳಿಗೆ?"

"ಬಸ್ ಓಡ್ಸೋರು ರೋಡ್ ನೋಡ್ಬೇಕು ಅಂಕಲ್," ಎಂದು ಹುಡುಗಿ ನಕ್ಕಳು.

ಮೇಷ್ಟ್ರೂ ನಕ್ಕರು. ಆ ನಗು ಎಂಥದೆಂದು ಬಲ್ಲ ಮಗ ಲೋಟ ಕೆಳಗಿಟ್ಟ. "ಮದುವೆ ದಿನದ ಮಾತು ಇವತ್ತು ಬೇಡ, ಅವಸರ ಏನಿದೆ," ಎಂದರು ಮೇಷ್ಟ್ರು. "ಮುಂದಿನ ಭಾನುವಾರ ಬಾರಮ್ಮ. ಇನ್ನೊಂದು ಸಿನಿಮಾ ನೋಡೋಣ."

ತಾಯಿಗೆ ಆ ದನಿ ಗೊತ್ತಿತ್ತು. ನಪಾಸಾದ ಹುಡುಗರಿಗೆ ಮರುಪರೀಕ್ಷೆ ಇಡುವಾಗ ಮೇಷ್ಟ್ರ ದನಿ ಹೀಗೆಯೇ ಮೆತ್ತಗಾಗುತ್ತಿತ್ತು. ಹುಡುಗಿ ಅವಳಿಗೆ ತುಂಬ ಹಿಡಿಸಿದ್ದಳು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಮನೆಗೆ ಗಾಳಿ ಬಂದಂತಾಗುತ್ತಿತ್ತು. ಈ ಸಂಬಂಧ ತಪ್ಪಿಹೋದರೆ ಎಂಬ ಭಯ ಒಂದು ಕಡೆ, ಕೂಡಿಬಂದರೆ ಇವಳು ಇಲ್ಲಿ ಹೇಗೆ ಬಾಳಿಯಾಳು ಎಂಬ ಭಯ ಇನ್ನೊಂದು ಕಡೆ. ಏನಾದರೂ ಮಾಡಲೇಬೇಕಿತ್ತು.

ಲೋಟ ತೊಳೆಯುವ ನೆಪದಲ್ಲಿ ಹುಡುಗಿಯನ್ನು ಅಡುಗೆಮನೆಗೆ ಕರೆದು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

"ಮಗು, ನಿಂಗೊಂದು ಮಾತು ಹೇಳ್ತೀನಿ. ನಗಬಾರ್ದು."

"ಹೇಳಿ ಆಂಟಿ."

"ಅವರ ಮೊಣಕಾಲು ನೋಡು."

"ಯಾಕೆ, ನೋವಾ? ಮೊದ್ಲೇ ಹೇಳ್ಬಾರ್ದಾ, ಇವತ್ತೇ ನೋಡ್ತಿದ್ನಲ್ಲ. ಮೊಣಕಾಲೇ ತಾನೆ ನನ್ನ ಹೊಟ್ಟೆಪಾಡು!"

"ನೋವಲ್ಲಮ್ಮ." ತಾಯಿ ಬಾಗಿಲ ಕಡೆ ಒಮ್ಮೆ ನೋಡಿದಳು. "ಬಲಗಾಲು ಎಡಗಾಲಿನ ಮೇಲೆ ಹಾಕ್ಕೊಂಡು ಕೂರ್ತಾರಲ್ಲ, ಆ ಮೊಣಕಾಲು ಅಲ್ಲಾಡದೆ ಇದ್ರೆ ಸಿನಿಮಾ ಅವರಿಗೆ ಹಿಡಿಸಿದೆ ಅಂತ. ಏಳೋ ಎಂಟೋ ಕೊಟ್ಬಿಡು. ನಿಧಾನಕ್ಕೆ ಅಲ್ಲಾಡ್ತಿದ್ರೆ ಐದು. ಜೋರಾಯ್ತು ಅಂದ್ರೆ ಮೂರು. ಅಂಗೈಯಿಂದ ಒತ್ತಿ ಹಿಡ್ಕೊಂಡ್ರು ಅಂದ್ರೆ ಎರಡಕ್ಕಿಂತ ಮೇಲೆ ಹೋಗ್ಬೇಡ. ಸೋಫಾದ ಸ್ಪ್ರಿಂಗೂ ಕಿರುಗುಡುತ್ತೆ, ಕಿವಿ ಕೊಟ್ರೆ ಸಾಕು."

ಹುಡುಗಿಗೆ ನಗು ಉಕ್ಕಿತು. ಸೋಪಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡಳು. ತಾಯಿಯ ಮುಖ ನೋಡಿದ ಮೇಲೆ ಆ ನಗು ಇಳಿಯಿತು.

"ನೀವು ಹಾಗೇ ಮಾಡ್ತೀರಾ ಆಂಟಿ? ಯಾವಾಗ್ಲೂ?"

ಯಾವಾಗಲೂ ಹಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳೂ ಟೀವಿಯನ್ನೇ ನೋಡುತ್ತಿದ್ದಳು. ಹೆಂಡತಿಯೊಬ್ಬಳು ಮನೆ ಬಿಟ್ಟು ಹಾಡುಗಾರರ ತಂಡ ಸೇರುವ ಸಿನಿಮಾ ಒಂದಕ್ಕೆ, ಹಿಂದೆಮುಂದೆ ನೋಡದೆ ಒಂಬತ್ತು ಕೊಟ್ಟಿದ್ದಳು. "ಹಾಗಾದ್ರೆ ನೀನೂ ಹೊರಡ್ತೀಯಾ?" ಎಂದು ಮೇಷ್ಟ್ರು ನಗುತ್ತಲೇ ಕೇಳಿದ್ದರು. ಆಮೇಲೆ ಮನೆಗೆ ಬಂದ ನೆಂಟರಿಗೆಲ್ಲ, "ನಮ್ಮವಳು ಒಂಬತ್ತು ಕೊಟ್ಟವಳು, ಹುಷಾರು, ಯಾವ ಗಳಿಗೆಯಲ್ಲಿ ಪೆಟ್ಟಿಗೆ ಎತ್ತುತ್ತಾಳೋ," ಎಂದು ಹೇಳಿ ನಗಿಸಿದ್ದರು. ಅವಳು ತವರಿಗೆ ಹೊರಟರೆ ಅದೇ ಮಾತು, ಹಿತ್ತಿಲಲ್ಲಿ ಒಂದು ಹಾಡು ಗುನುಗಿದರೆ ಅದೇ ಮಾತು. ವರ್ಷಗಟ್ಟಲೆ ಅದೇ ಮಾತು. ಗುನುಗುವುದು ತಾನಾಗಿಯೇ ನಿಂತಿತು. ತನ್ನ ಬೆತ್ತದ ಕುರ್ಚಿಯನ್ನು ಗೋಡೆಯ ಮೂಲೆಗೆ ಸರಿಸಿಕೊಂಡಿದ್ದು ಆಗಲೇ. ಅಲ್ಲಿಂದ ಟೀವಿ ಓರೆಯಾಗಿ ಕಾಣುತ್ತಿತ್ತು, ಮೊಣಕಾಲು ನೇರವಾಗಿ ಕಾಣುತ್ತಿತ್ತು.

ಇದನ್ನೆಲ್ಲ ಅವಳು ಹುಡುಗಿಗೆ ಹೇಳಲಿಲ್ಲ. "ಅಭ್ಯಾಸ ಆಗುತ್ತಮ್ಮ," ಎಂದಳು ಅಷ್ಟೆ.

"ಸರಿ, ಇವತ್ತಿನದು ನಿಮಗೆ ನಿಜವಾಗ್ಲೂ ಎಷ್ಟು ಅನ್ನಿಸ್ತು? ನನ್ ಹತ್ರ ಹೇಳಿ."

"ನಂಗಾ?" ತಾಯಿ ಒಂದು ಲೋಟವನ್ನು ಎರಡನೇ ಸಲ ತೊಳೆದಳು. "ಚೆನ್ನಾಗೇ ಇತ್ತಲ್ಲ... ಆ ಬಸ್ಸು... ಸಾಕು ಬಿಡು, ನೀರು ಸುಮ್ನೆ ಹೋಗ್ತಿದೆ," ಎಂದು ನಲ್ಲಿ ನಿಲ್ಲಿಸಿದಳು.

ಮುಂದಿನ ಭಾನುವಾರ ಹುಡುಗಿ ಬಂದಳು. ಚಪ್ಪಲಿ ಬಿಟ್ಟ ಸದ್ದು ಈ ಸಲ ಅಷ್ಟಾಗಿ ಕೇಳಲಿಲ್ಲ. ಮಗನ ಪಕ್ಕದ ಜಾಗ ಬಿಟ್ಟು, ಮೂಲೆಯ ಬೆತ್ತದ ಕುರ್ಚಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಳು. ತಾಯಿಗೆ ಮೊದಲು ಸಂತೋಷವಾಯಿತು.

ಸಿನಿಮಾ ಒಂದು ಬೇಕರಿಯ ಕಥೆ. ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟಿರುತ್ತಾರೆ, ಆದರೂ ಒಂದೇ ಒಲೆಯ ಮುಂದೆ ದಿನವಿಡೀ ಕೆಲಸ ಮಾಡುತ್ತಾರೆ. ಮೇಷ್ಟ್ರ ಮೊಣಕಾಲು ಮೊದಲು ನಿಧಾನವಾಗಿ ಅಲ್ಲಾಡಿತು. ಅರ್ಧ ಕಳೆಯುವುದರೊಳಗೆ ಜೋರಾಯಿತು, ಸ್ಪ್ರಿಂಗು ಕಿರುಗುಟ್ಟಿತು. ಮೂರು ಎಂದು ತಾಯಿ ಮನಸ್ಸಿನಲ್ಲೇ ಬರೆದುಕೊಂಡಳು. ಹುಡುಗಿ ಗಮನಿಸಿದಳೋ ಇಲ್ಲವೋ ಎಂದು ಪಕ್ಕಕ್ಕೆ ನೋಡಿದರೆ, ಅವಳು ಟೀವಿಯಲ್ಲೇ ಮುಳುಗಿದ್ದಳು. ಕಣ್ಣು ತುಂಬಿ ಬಂದಿತ್ತು. ಮುಂಗೈಯಿಂದ ಕೆನ್ನೆ ಒರೆಸಿಕೊಂಡಳು. ಒರೆಸಿಕೊಂಡ ಮೇಲೆ ಅವಳ ಕಣ್ಣು ಪರದೆಯಿಂದ ಜಾರಿ, ಸೋಫಾದ ಕಡೆ ಹೊರಳಿ, ಮೇಷ್ಟ್ರ ಮೊಣಕಾಲಿನ ಮೇಲೆ ನಿಂತಿತು. ಆಮೇಲೆ ಅಲ್ಲಿಂದ ಕದಲಲೇ ಇಲ್ಲ.

"ಹ್ಞಾಂ. ಹತ್ತಕ್ಕೆ ಎಷ್ಟು?"

"ಮೂರು," ಎಂದಳು ಹುಡುಗಿ.

ಮೇಷ್ಟ್ರ ಹುಬ್ಬು ಮೇಲೇರಿತು. "ಕಾರಣ?" ಎಂದರು, ತಮಾಷೆಗೆ.

"ಕಥೆಗೆ ಬೆನ್ನುಮೂಳೆ ಇಲ್ಲ ಅಂಕಲ್. ಅಷ್ಟೊಂದು ಅಳೋಕೆ ಅಲ್ಲೇನಿತ್ತು?"

ಬೆನ್ನುಮೂಳೆಯ ಮಾತು ಮೇಷ್ಟ್ರದೇ. ಹೋದ ವಾರ ಗೇಟಿನವರೆಗೂ ಬಂದು ವಿವರಿಸುವಾಗ ಆಡಿದ್ದು. ಅವರು ತೊಡೆ ತಟ್ಟಿಕೊಂಡರು. "ಭೇಷ್! ಒಂದೇ ವಾರಕ್ಕೆ ಎಷ್ಟು ಸುಧಾರಿಸಿದ್ದಾಳೆ ನೋಡ್ರೋ. ನಾಳೆನೇ ನಿಮ್ಮಪ್ಪಂಗೆ ಫೋನ್ ಮಾಡ್ತೀನಮ್ಮ, ದಿನ ಗೊತ್ತು ಮಾಡ್ಬಿಡೋಣ." ಮಗನ ಮುಖ ಅರಳಿತು. ಅವನೂ, "ಮೂರು," ಎಂದ. ಹುಡುಗಿ ತಾಯಿಯ ಕಡೆ ತಿರುಗಿ ಕಣ್ಣಲ್ಲೇ ನಕ್ಕಳು, ಹೇಳಿಕೊಟ್ಟಿದ್ದನ್ನು ಸರಿಯಾಗಿ ಒಪ್ಪಿಸಿದೆನಲ್ಲವಾ ಎನ್ನುವ ಹಾಗೆ. ಅವಳ ಕೆನ್ನೆ ಇನ್ನೂ ಪೂರ್ತಿ ಆರಿರಲಿಲ್ಲ.

ತಾಯಿಗೆ, ತಾನೇ ಕೈಹಿಡಿದು ಕರೆತಂದು ಆ ಸ್ಟೂಲಿನ ಮೇಲೆ ಕೂರಿಸಿದೆನಲ್ಲ ಎನ್ನಿಸಿತು. ಈಗ ಸ್ಟೂಲು, ನಾಳೆ ಅಲ್ಲಿಗೆ ಇನ್ನೊಂದು ಬೆತ್ತದ ಕುರ್ಚಿ ಬರುತ್ತದೆ. ಅಂಗಡಿಗೆ ಹೋಗಿ ಮೇಷ್ಟ್ರೇ ಆರಿಸಿ ತರುತ್ತಾರೆ.

"ನಿಂದೆಷ್ಟೇ?"

"ಒಂಬತ್ತು," ಎಂದಳು.

ಮಗ ತಲೆ ಎತ್ತಿದ. ಮೇಷ್ಟ್ರು ಕೇಳಿಸಲಿಲ್ಲವೇನೋ ಎಂಬಂತೆ ಕಿವಿಯನ್ನು ಅವಳ ಕಡೆಗೆ ತಿರುಗಿಸಿದರು.

"ಎಷ್ಟು?"

"ಒಂಬತ್ತು ರೀ."

"ಓಹೋ! ಒಂಬತ್ತಿನವಳು ಮತ್ತೆ ಬಂದ್ಳಪ್ಪ!" ಎಂದು ಮೇಷ್ಟ್ರು ಮಗನನ್ನು ನೋಡಿ ನಕ್ಕರು. ಆಮೇಲೆ ತಾಳ್ಮೆಯಿಂದ ಸೋಫಾಕ್ಕೆ ಒರಗಿದರು. "ಸರಿ. ಕಾರಣ?"

ಅವಳು ಬಾಯಿ ತೆರೆದಳು. ಕಾರಣ ಹುಡುಕಿದಳು. ಬೇಕರಿ ಇತ್ತು. ಅಣ್ಣತಮ್ಮ ಇದ್ದರು. ಅವರು ಯಾಕೆ ಮಾತು ಬಿಟ್ಟರು? ಕೊನೆಯಲ್ಲಿ ಮಾತಾಡಿದರೋ, ಇಲ್ಲವೋ? ಹುಡುಗಿ ಅತ್ತದ್ದು ಯಾವುದಕ್ಕೆ? ಒಂದೂ ಗೊತ್ತಿಲ್ಲ. ಆ ಮೊಣಕಾಲು ಯಾವಾಗ ಅಲ್ಲಾಡಲು ಶುರುವಾಯಿತು, ಯಾವಾಗ ಜೋರಾಯಿತು, ಒಲೆಯ ಕೆಂಪು ಬೆಳಕು ಬಿದ್ದಾಗ ಅರೆಗಳಿಗೆ ಹೇಗೆ ನಿಂತಿತು ಎಂಬುದೆಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಹಿಂದಿನ ವಾರದ ಬಸ್ಸಿನವಳ ಮುಖ ನೆನಪಿಗೆ ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಅದರ ಹಿಂದಿನದು, ಅದಕ್ಕೂ ಹಿಂದಿನದು, ಯಾವುದೂ ಬರಲಿಲ್ಲ. ನೆನಪಿನಲ್ಲಿದ್ದದ್ದು ಆ ಹಾಡುಗಾರ್ತಿಯ ಸಿನಿಮಾ ಒಂದೇ. ಇಷ್ಟು ವರ್ಷ ಈ ಕೋಣೆಯಲ್ಲಿ ಕೂತು ತಾನು ಏನನ್ನು ನೋಡಿದೆ ಎಂದು ಯೋಚಿಸಿ ಅವಳಿಗೆ ಅಳು ಬಂತು.

"ನಾನು ನೋಡ್ಲಿಲ್ಲ," ಎಂದಳು.

"ಅದೇ ಮತ್ತೆ! ಸರಿಯಾಗಿ ನೋಡ್ಲಿಲ್ಲ ಅಂತ ಒಪ್ಕೊಂಡ್ಯಲ್ಲ, ಮುಗೀತು." ಮೇಷ್ಟ್ರು ರಿಮೋಟಿಗೆ ಕೈ ಹಾಕಿದರು.

"ಸರಿಯಾಗಿ ಅಲ್ಲ ರೀ, ನೋಡೇ ಇಲ್ಲ. ನಾನು ನಿಮ್ಮ ಮೊಣಕಾಲು ನೋಡ್ತಾ ಕೂತಿದ್ದೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಯಾವಾಗ್ಲೂ ಅದನ್ನೇ ನೋಡಿದ್ದು. ಅದು ಹೇಳಿದಷ್ಟು ಅಂಕ ಕೊಟ್ಟಿದ್ದು."

ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಮೊಣಕಾಲನ್ನೇ ನೋಡಿದರು. ಅದು ಬೇರೆ ಯಾರದೋ ಎಂಬಂತೆ ಮೆಲ್ಲಗೆ ಅದರ ಮೇಲೆ ಕೈಯಿಟ್ಟರು. ಮಗ ಎದ್ದು ನಿಂತ, ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ.

ತಾಯಿ ಎದ್ದಳು. ಬೆತ್ತದ ಕುರ್ಚಿಯ ಎರಡೂ ಕೈ ಹಿಡಿದು ಮೂಲೆಯಿಂದ ಎಳೆದಳು. ವರ್ಷಗಳಿಂದ ಕದಲದ ಕುರ್ಚಿ; ಕಾಲುಗಳಿದ್ದ ಕಡೆ ನೆಲದ ಬಣ್ಣ ಬೇರೆಯೇ ಇತ್ತು. ಸೋಫಾವನ್ನು ದಾಟಿ ಮುಂದಕ್ಕೆ ತಂದು ಟೀವಿಯ ಎದುರಿಗೇ ಇಟ್ಟು, ಮೇಷ್ಟ್ರಿಗೆ ಬೆನ್ನು ಮಾಡಿ ಕೂತಳು.

"ಇನ್ನೊಂದ್ಸಲ ಹಾಕೋ. ಮೊದಲಿಂದ."

ಮಗ ಅಪ್ಪನ ಮುಖ ನೋಡಿದ. ಅಮ್ಮನ ಬೆನ್ನು ನೋಡಿದ. ಆಮೇಲೆ ಸೋಫಾದ ಮೇಲಿದ್ದ ರಿಮೋಟನ್ನು ಕೈಗೆತ್ತಿಕೊಂಡ.

ಪರದೆ ಕಪ್ಪಾಗಿ ಮತ್ತೆ ಬೆಳಗಿತು. ಹಿಟ್ಟು ಚೆಲ್ಲಿದ ಮರದ ಮೇಜು. ಅದರ ಮೇಲೆ ಎರಡು ಜೊತೆ ಕೈಗಳು, ಒಂದಕ್ಕೊಂದು ತಾಗದ ಹಾಗೆ. ಓಹೋ, ಹೀಗೆ ಶುರುವಾಗುತ್ತದೆಯೇ ಎಂದುಕೊಂಡಳು ತಾಯಿ. ಪಕ್ಕದಲ್ಲಿ ಸ್ಟೂಲು ಎಳೆದ ಸದ್ದಾಯಿತು.

ಅಷ್ಟರಲ್ಲಿ ಬೆನ್ನ ಹಿಂದೆ ಸೋಫಾದ ಸ್ಪ್ರಿಂಗು ಕಿರುಗುಟ್ಟಿತು. ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ಅವಳ ತಲೆಯೊಳಗೆ ಅಂಕವೊಂದು ತಾನಾಗಿಯೇ ಎದ್ದು ನಿಂತಿತು. ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಸೌಂಡು ಸ್ವಲ್ಪ ಜಾಸ್ತಿ ಮಾಡೋ," ಎಂದಳು.