ಫೋಟೋದಲ್ಲಿದ್ದ ಪಾದಗಳು

ಶುಕ್ರವಾರ ಬೆಳಿಗ್ಗೆ ಆರು ನಲವತ್ತಕ್ಕೆ ಕ್ರೇನ್ ಆಪರೇಟರ್ ತೂಕದ ಯಂತ್ರದ ಮೇಲೆ ನಿಂತ. 124.2 ಕಿಲೋ. ಹಿಂದಿನ ದಿನ ಅವನು ಕಳಿಸಿದ್ದ ಫೋಟೋದಲ್ಲಿ 118.9 ಇತ್ತು.

"ಯಂತ್ರ ಕೆಟ್ಟಿದೆ," ಎನ್ನುತ್ತ ಇಳಿದ.

ಕೋಚ್ ಮೂಲೆಯಲ್ಲಿದ್ದ ಇಪ್ಪತ್ತು ಕಿಲೋ ತೂಕದ ಕಲ್ಲನ್ನು ಎತ್ತಿ ಯಂತ್ರದ ಮೇಲಿಟ್ಟಳು. 20.0.

"ಈ ಕಲ್ಲೂ ಕೆಟ್ಟಿದೆಯಾ?"

ಸೋಮವಾರದಿಂದ ಕಟ್ಟಡದ ಕೆಲಸದಲ್ಲಿ ಹೊಸ ನಿಯಮ: ನೂರಿಪ್ಪತ್ತು ಕಿಲೋ ದಾಟಿದವರು ಕ್ರೇನಿನ ಏಣಿ ಹತ್ತುವಂತಿಲ್ಲ. ಮೂರು ತಿಂಗಳ ಮೊದಲೇ ಕಂಪನಿ ಇದನ್ನು ತಿಳಿಸಿ, ಅವನನ್ನು ತೂಕ ಇಳಿಸಲು ಈ ಕೋಚ್ ಹತ್ತಿರ ಕಳಿಸಿತ್ತು. ಅವಳ ಷರತ್ತು ಒಂದೇ. ದಿನಾ ಬೆಳಿಗ್ಗೆ ಫೋಟೋ ಬರಬೇಕು. ಅದರಲ್ಲಿ ಅಂಕಿಯೂ ಕಾಣಬೇಕು, ಎರಡು ಪಾದಗಳೂ ಕಾಣಬೇಕು.

"ಸಾಕ್ಸ್ ಬಿಚ್ಚಿ."

"ಸಾಕ್ಸ್ ಐದು ಕಿಲೋ ತೂಗುತ್ತಾ ಮೇಡಂ?"

"ಬಿಚ್ಚಿ."

ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಮೂರು ವಾರದ ಹಿಂದೆ ಅದರ ಮೇಲೆ ಬೋಲ್ಟ್ ಬಿದ್ದಿತ್ತು. ಕೋಚ್ ಫೋನ್ ತೆಗೆದು ನಿನ್ನೆಯ ಫೋಟೋವನ್ನು ಅವನ ಮುಂದೆ ಹಿಡಿದಳು. ಅದರಲ್ಲಿ ಹತ್ತೂ ಉಗುರು ಬಿಳಿ.

"ಯಾರ ಕಾಲಿದು?"

ಅವನು ಗೋಡೆ ನೋಡಿದ. "ನಮ್ಮ ಭಾಮೈದಂದು. ಮನೇಲೇ ಇರ್ತಾನೆ. ಹೆಚ್ಚುಕಮ್ಮಿ ನನ್ನದೇ ಗಾತ್ರ."

ಅವಳು ಹಿಂದಿನ ಫೋಟೋಗಳನ್ನು ಸರಿಸುತ್ತ ಹೋದಳು; ಕಪ್ಪು ಉಗುರು ಕೊನೆಗೆ ಕಂಡದ್ದು ಇಪ್ಪತ್ತು ದಿನದ ಹಿಂದೆ. "ಹತ್ತೊಂಬತ್ತು ದಿನದಲ್ಲಿ ಎರಡೂವರೆ ಕಿಲೋ ಇಳಿದಿದಾನೆ. ಏನು ಮಾಡ್ತಾನೆ?"

"ನೀವು ನನಗೆ ಬರೆಯೋದನ್ನೆಲ್ಲ ಓದ್ತಾನೆ. ಸಂಜೆ ನಡೀತಾನೆ. ನೀವು ಶಭಾಷ್ ಅಂದಾಗ ಹಲ್ಲು ಕಿರೀತಾನೆ, ದಡ್ಡ."

"ನಾನು ಶಭಾಷ್ ಅಂದಿದ್ದು ನಿಮಗೆ."

"ನನಗೆ ಬೇಡ. ನೂರ ಹತ್ತೊಂಬತ್ತು ಅಂತ ಬರೀರಿ, ಸಾಕು. ಹನ್ನೊಂದು ವರ್ಷ ಮೇಲೆ ಕೂತಿದೀನಿ. ಈಗ ಕೆಳಗೆ ನಿಂತು ಕ್ರೇನಿಗೆ ಬಾವುಟ ಬೀಸಲಾ? ನನ್ನ ಮಾತು ಕೇಳ್ತಿದ್ದ ಹುಡುಗರೆಲ್ಲ ನಗಲಿ ಅಂತಾನಾ?"

"ಏಣಿ ಕಿತ್ತು ಬಂದ್ರೆ ಆ ಹುಡುಗರ ತಲೆ ಮೇಲೇ ಬೀಳ್ತೀರಿ. ಕಾಗದದಲ್ಲಿ ನನ್ನ ಸಹಿ ಇರುತ್ತೆ."

"ನಿಮ್ಮ ಸಹಿ ನಿಮಗೆ ದೊಡ್ಡದು. ಕಡ್ಡಿ ಥರ ಇದೀರಿ. ಹಸಿವು ಅಂದ್ರೇನು ಗೊತ್ತಾ ನಿಮಗೆ?"

ಅವಳು ಕಂಪನಿಗೆ ಹೋಗಬೇಕಾದ ಹಾಳೆಯನ್ನು ಎಳೆದುಕೊಂಡಳು. ವರದಿಯಲ್ಲಿ 124.2 ಎಂದು ಬರೆದಳು. ಅದರ ಕೆಳಗೆ, ಆರು ವಾರ ಅವನ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡಬಾರದು ಎಂದು ಒಂದು ಸಾಲು ಸೇರಿಸಿ, ಹಾಳೆಯನ್ನು ಅವನ ಕಡೆ ತಿರುಗಿಸಿದಳು.

"ಫೋಟೋ ಬೇಡ. ಮಂಗಳವಾರದಿಂದ ದಿನಾ ಆರೂವರೆಗೆ ಇಲ್ಲಿಗೇ ಬನ್ನಿ. ನಿಮ್ಮದೇ ಕಾಲಲ್ಲಿ."

"ಬರ್ತೀನಿ ಅಂತ ಕಾಯ್ತಾ ಕೂತಿರಿ."

ಸಾಕ್ಸನ್ನು ಜೇಬಿಗೆ ತುರುಕಿಕೊಂಡು, ಬರಿಗಾಲನ್ನು ಬೂಟಿನೊಳಗೆ ತೂರಿಸಿ ಹೊರಟ. ಬಾಗಿಲು ಎಳೆದ ರಭಸಕ್ಕೆ ಗೋಡೆಯ ಆಹಾರ ಪಟ್ಟಿ ಕೆಳಗೆ ಬಿತ್ತು.

ಸೋಮವಾರ ಬೇರೊಬ್ಬ ಏಣಿ ಹತ್ತಿದ. ಆಪರೇಟರ್ ಕೆಳಗೆ ನಿಂತು ಬಾವುಟ ಬೀಸಿದ.

ಮಂಗಳವಾರ ಆರೂವರೆಗೆ ಕೋಚ್‌ನ ಕೋಣೆಯ ಬಾಗಿಲು ತಟ್ಟಿದ್ದು ಭಾಮೈದ. ಒಬ್ಬನೇ ಬಂದಿದ್ದ. ಅವನ ತೂಕ 118.1 ಇತ್ತು.